ಕೌದಿಯ ಖಾಲಿ ಮೂಲೆ

ಐರ್ಲೆಂಡಿನ ಒಂದು ವರ್ಷದ ಕೋರ್ಸಿಗೂ ಜರ್ಮನಿಯ ಎರಡು ವರ್ಷದ್ದಕ್ಕೂ ನನಗೆ ಸೀಟು ಸಿಕ್ಕಿತ್ತು. ಕೊಂಡಾಪುರದ ಕನ್ಸಲ್ಟೆನ್ಸಿಯವರು ಜರ್ಮನಿಯೇ ಮೇಲು ಅಂದರು, ನಾನೂ ತಲೆಯಾಡಿಸಿದೆ. ಎದೆನೋವಿಗೆ ಮಾತ್ರೆ ನುಂಗುತ್ತಿದ್ದ ಅವ್ವ ಮಾತ್ರ, "ಒಂದ ವರ್ಷದ್ದ ತಗೋ ಮಗಳ. ಎರಡು ವರ್ಷ ಭಾಳ ಆಕ್ಕೈತಿ" ಅಂದಳು.

"ನಿನಗೇನ ತಿಳಿತೈತಿ ಬಿಡವ್ವ" ಅಂದೆ. ಓದಿದವಳ ಕೊಬ್ಬು ಅಂದರೆ ಅದು.

ಮರುದಿನದಿಂದಲೇ ಅವಳು ಕೌದಿ ಹೊಲಿಯಲು ಕೂತಳು. ತನ್ನ ಹಳೆಯ ಸೀರೆಗಳು, ಜೀಡಿಮೆಟ್ಲಾದ ಔಷಧ ಕಾರ್ಖಾನೆಗೆ ಅಪ್ಪ ಹಾಕಿಕೊಂಡು ಹೋಗಿ ಸವೆಸಿದ ನೀಲಿ ಅಂಗಿ, ನನ್ನ ಶಾಲೆಯ ಲಂಗ, ಎಲ್ಲ ಅದಕ್ಕೆ ಸೇರಿದವು. ಸುಲ್ತಾನ್ ಬಜಾರಿನಿಂದ ನಾನು ತಂದ ದಪ್ಪ ಜಾಕೆಟ್ಟನ್ನು ಮುಟ್ಟಿ ನೋಡಿ, "ಇದರಿಂದ ಮೈ ಬೆಚ್ಚಗಾದೀತು, ನಿದ್ದಿ ಬರೂದಿಲ್ಲ" ಅಂದಳು. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಂದು ಹಿಡಿ ಜೋಳ ಹಾಕುತ್ತಾರೆ. ಕೌದಿಯ ಹೊಟ್ಟೆ ಖಾಲಿಯಿದ್ದರೆ ಹೊದ್ದವರೂ ಹಸಿದಿರುತ್ತಾರಂತೆ.

ಕಾಳುಕಡಿ ಒಯ್ದರೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ ಎಂದು ಕನ್ಸಲ್ಟೆನ್ಸಿಯವರು ಹೆದರಿಸಿದ್ದರು. ಹೊರಡುವ ಹಿಂದಿನ ದಿನ ಅವ್ವ ಸ್ನಾನಕ್ಕೆ ಹೋದಾಗ ಆ ಮೂಲೆ ಬಿಚ್ಚಿ, ಜೋಳವನ್ನು ಮಾಳಿಗೆಯ ಪಾರಿವಾಳಗಳಿಗೆ ಚೆಲ್ಲಿ, ಮತ್ತೆ ಹೊಲಿದೆ. ಕೌದಿಯನ್ನು ಸೂಟ್‌ಕೇಸಿನಲ್ಲಿಡುವಾಗ ಅವ್ವನ ಬೆರಳು ಆ ಮೂಲೆಯಲ್ಲೇ ನಿಂತಿತು. "ನೀ ಇನ್ನೂ ಹೊಲಿಗಿ ಕಲೀಬೇಕವ್ವ" ಅಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಜರ್ಮನಿಗೆ ಹೋದ ಮೇಲೆ ಪ್ರತಿ ಫೋನಿನಲ್ಲೂ ಅವಳದು ಒಂದೇ ಪ್ರಶ್ನೆ. "ಹೊಟ್ಟಿ ತುಂಬ ಉಂಡಿ ಇಲ್ಲೋ?" ನನಗೆ ಬೇಜಾರು. ಉಂಡೆ, ಉಂಡೆ ಎಂದು ಫೋನಿಡುತ್ತಿದ್ದೆ.

ಹದಿನಾಲ್ಕನೆಯ ತಿಂಗಳಲ್ಲಿ ಅವ್ವ ಹೋಗಿಬಿಟ್ಟಳು. ನಾನು ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಎರಡು ದಿನ ಕಳೆದಿತ್ತು. ಅಪ್ಪ ಅಡುಗೆಮನೆಯ ಗೂಡಿನಿಂದ ಒಂದು ಬಟ್ಟೆಯ ಗಂಟು ತಂದು ನನ್ನ ಕೈಗಿಟ್ಟ. ಒಳಗೆ ಒಂದು ಹಿಡಿ ಜೋಳ. ಗಂಟಿನ ಮೇಲೆ ದಾರ ಪೋಣಿಸಿದ ಸೂಜಿ ಚುಚ್ಚಿಟ್ಟಿತ್ತು.

"ನೀ ಹೋದ ದಿನಾನ ಕಟ್ಟಿಟ್ಟಿದ್ಲು" ಅಂದ ಅಪ್ಪ. "ಕೌದಿ ಹಸಗೊಂಡ ಹೋಗೈತಿ, ಮಗಳು ಬಂದ ಕೂಡ್ಲೇ ತುಂಬತೀನಿ ಅಂತಿದ್ಲು."

ಕೌದಿ ಜರ್ಮನಿಯ ನನ್ನ ಕೋಣೆಯಲ್ಲೇ ಉಳಿದಿತ್ತು. ಒಂದು ವರ್ಷದ ಕೋರ್ಸಿಗೆ ಹೋಗಿದ್ದರೆ, ಎರಡು ತಿಂಗಳ ಹಿಂದೆಯೇ ಅವ್ವ ಆ ಮೂಲೆ ಹೊಲಿದು ಮುಗಿಸಿರುತ್ತಿದ್ದಳು.