ಹಾಲು-ರೊಟ್ಟಿಯ ನಾಯಿ

ನಮ್ಮ ಮನೆಯ ಹೊಸ್ತಿಲು ದಾಟಿ ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. ಅಪ್ಪ ಸಾಕಿದ ಮುಧೋಳ ನಾಯಿಯೂ ಹಾಗೆಯೇ ಬೆಳೆದಿತ್ತು. ಬೆಳಿಗ್ಗೆ ಹಾಲು, ಸಂಜೆ ರೊಟ್ಟಿ. “ಇದಕ್ಕ ಲಿಂಗ ಕಟ್ಟೂದೊಂದ ಬಾಕಿ ಐತಿ ನೋಡ್ರಿ” ಎಂದು ಅಪ್ಪ ಓಣಿಯವರ ಮುಂದೆ ನಗುತ್ತಿದ್ದ.

ಆಗ ನಾನು ಜಮಖಂಡಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ಮದುವೆಯ ಮಾತು ಬಂದಾಗಲೆಲ್ಲ ಜಗಳ ಮಾಡಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ನಿಂತೇ ಓದಿದವಳು. ಬೇಸಿಗೆ ರಜೆಯಲ್ಲಿ, ನಮ್ಮೂರ ಹೊಲಗಳಾಚೆ ಶುರುವಾಗುವ ಗುಡ್ಡದ ಬೀಳಗಿ ಕಡೆಯ ಬದಿಗೆ ನಡೆಯುವ ವನ್ಯಜೀವಿ ಸಂಶೋಧನೆಯ ತರಬೇತಿಗೆ ಆಯ್ಕೆಯಾದೆ.

“ಅಲ್ಲಿ ಏನ ಕಲಸ್ತಾರವಾ?” ಅಪ್ಪ ಕೇಳಿದ.

“ಪ್ರಾಣಿ ಹೇಲ ತೊಳದ, ಏನ್ ತಿಂದಾವಂತ ಹೇಳೂದು.”

“ಅದನ್ನ ನೋಡಾಕ ಡಿಗ್ರಿ ಬೇಕೇನಬೇ!”

ಅವ್ವ ಸೆರಗನ್ನು ಬಾಯಿಗಿಟ್ಟು ನಕ್ಕಳು.

ಕೆಲಸ ನಿಜಕ್ಕೂ ಅದೇ ಆಗಿತ್ತು. ತೋಳ, ನರಿಗಳ ಒಣಗಿದ ಮಲವನ್ನು ಜರಡಿಯಲ್ಲಿ ತೊಳೆಯಬೇಕು. ಉಳಿದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗುರುತು ಗೊತ್ತಿರುವ ಸ್ಲೈಡುಗಳ ಜೊತೆ ಹೋಲಿಸಬೇಕು. ನಮ್ಮ ಕೈ ಪಳಗಿದೆಯೋ ಇಲ್ಲವೋ ನೋಡಲು, ತರಬೇತಿ ಕೊಡುತ್ತಿದ್ದ ಮೇಡಂ ಒಂದು ಪರೀಕ್ಷೆ ಇಟ್ಟರು. ಏನು ತಿನ್ನುತ್ತದೆಂದು ಖಚಿತವಾಗಿ ಗೊತ್ತಿರುವ ಪ್ರಾಣಿಯ ಮಲವನ್ನು ಮನೆಯಿಂದ ತರಬೇಕು. ನಾನು ನಮ್ಮ ನಾಯಿಯದನ್ನು ಒಯ್ದೆ. ಅಪ್ಪನೇ ಕಡ್ಡಿಯಿಂದ ಎತ್ತಿ ಡಬ್ಬಿಗೆ ಹಾಕಿಕೊಟ್ಟ.

“ಹಾಲು-ರೊಟ್ಟಿ ಅಂತ ಬರದ ಬಿಡು. ನೋಡೂ ಜರೂರತ್ತೇ ಇಲ್ಲ.”

ಜರಡಿಯಲ್ಲಿ ಕೂದಲು ಉಳಿಯಿತು. ಮೈ ನೆಕ್ಕಿಕೊಂಡಿರಬೇಕು ಅಂದುಕೊಂಡೆ. ನಾಯಿಯದೇ ಕೂದಲೂ ಇತ್ತು, ಆದರೆ ಅದರ ಪಕ್ಕದಲ್ಲಿ ಬೇರೊಂದು ಕೂದಲು, ಒಳಗೆಲ್ಲ ಜೇನುಹುಟ್ಟಿನಂಥ ಗೂಡು. ಆಡಿನದಕ್ಕೆ ಹೊಂದಲಿಲ್ಲ, ಕುರಿಯದಕ್ಕೂ ಹೊಂದಲಿಲ್ಲ. ಚಿಂಕಾರದ ಸ್ಲೈಡು ಇಟ್ಟೆ. ಎರಡೂ ಒಂದೇ. ನಾವು ಚಿಗರಿ ಅನ್ನುವ ಜಿಂಕೆ; ಅರಣ್ಯ ಇಲಾಖೆ ಆ ಗುಡ್ಡವನ್ನು ಕಾಯುವುದೇ ಅದರ ಸಲುವಾಗಿ.

ಮೇಡಂ ಬಂದು ಕಣ್ಣಿಟ್ಟು ನೋಡಿದರು. “ಬರೋಬ್ಬರಿ ಗುರುತಿಸೀದಿ” ಅಂದರು. ಅಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಬಳಿಕ ಮೆಲ್ಲಗೆ ಹೇಳಿದರು: “ಕೊಂದಿದ್ದು ಖರೆ ಆದ್ರ ಅರಣ್ಯ ಇಲಾಖೆಗೆ ತಿಳಸಬೇಕಾಗತೈತಿ. ನಾಯಿ ನಿಮ್ಮ ಮನ್ಯಾಗ ಉಳೀತೈತೋ ಇಲ್ಲೋ ನಾ ಹೇಳಾಕಾಗೂದಿಲ್ಲ.”

ಕೊನೆಯ ದಿನ ಮನೆಯವರನ್ನೆಲ್ಲ ಕರೆದಿದ್ದರು; ಅವರ ಮುಂದೆ ಒಬ್ಬೊಬ್ಬರೂ ವೇದಿಕೆ ಹತ್ತಿ ತಮ್ಮ ಮಾದರಿಯಲ್ಲಿ ಸಿಕ್ಕಿದ್ದನ್ನು ಹೇಳಬೇಕಿತ್ತು. ಇಸ್ತ್ರಿ ಮಾಡಿದ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಇಟ್ಟುಕೊಂಡು ಅಪ್ಪ ಮುಂದಿನ ಸಾಲಿನಲ್ಲೇ ಕುಳಿತಿದ್ದ. ಬೇರೆ ಮಾದರಿಯ ಬಗ್ಗೆ ಮಾತಾಡಿ ಇಳಿದುಬಿಡಬಹುದಿತ್ತು. ಆದರೆ ಕಂಡದ್ದನ್ನು ಹೇಳದಿದ್ದರೆ ನಾನು ಕಲಿತದ್ದೇನು? ಹೇಳಿದೆ.

ಅಪ್ಪ ಎದ್ದು ನಿಂತ. “ನಮ್ಮ ನಾಯೀದ? ಎಲ್ಲಿ, ತೋರಸು.”

ಟೊಪ್ಪಿಗೆ ತೆಗೆದು ಸೂಕ್ಷ್ಮದರ್ಶಕಕ್ಕೆ ಬಾಗಿದ. ನಾನು ಒಂದಾದ ಮೇಲೊಂದು ಸ್ಲೈಡು ಇಟ್ಟೆ. ಬಹಳ ಹೊತ್ತು ಅವನು ತಲೆ ಎತ್ತಲಿಲ್ಲ.

ಮೇಡಮ್ಮಿಗೆ ಕರುಳು ಚುರ್ ಎಂದಿರಬೇಕು. “ಕಾಕಾರೀ, ಸತ್ತು ಬಿದ್ದದ್ದನ್ನ ತಿಂದಿದ್ರೂ ತಿಂದಿರಬೇಕು. ಕೊಂದೈತಿ ಅಂತ ಕೂದಲ ಹೇಳೂದಿಲ್ಲ” ಅಂದರು.

ಪಾರಾದೆವು ಅಂದುಕೊಂಡೆ. ಅಪ್ಪ ಸೆಟೆದು ನಿಂತ.

“ಏ, ಇಲ್ರೀ! ನಾ ಸಾಕಿದ ನಾಯಿ ಅದು. ಸತ್ತದ್ದನ್ನ ಮೂಸಿ ಸೈತ ನೋಡೂದಿಲ್ಲ.”

ಹೆಮ್ಮೆಯಿಂದಲೇ ಹೇಳಿದ. ಆಮೇಲೆ ತಾನು ಆಡಿದ ಮಾತು ಅವನಿಗೇ ಕೇಳಿಸಿತು.

“ದಿನಾ ನಸುಕಿನ್ಯಾಗ ನಾನ ಬಿಡತಿದ್ನಿ” ಎಂದ, ಯಾರನ್ನೂ ನೋಡದೆ. “ಓಡಿ ಬರಲಿ ಪಾಪ ಅಂತ.” ಟೊಪ್ಪಿಗೆ ತಲೆಗಿಟ್ಟು ಮೇಡಮ್ಮಿನ ಕಡೆ ತಿರುಗಿದ. “ಇಲಾಖೆಯವರಿಗೆ ಹೇಳ್ರಿ. ಅವರು ಬರೂಮಟಾ ಕಟ್ಟಿ ಇಟಗೊಂಡಿರತೇನಿ.”

ಅಪ್ಪನೂ ನಾನೂ ಊರಿಗೆ ಹೊರಟೆವು. ಲೋಕಾಪುರದಲ್ಲಿ ಬಸ್ಸು ಬದಲಿಸುವಾಗ ಅಪ್ಪ ಕಬ್ಬಿಣದ ಸಾಮಾನಿನ ಅಂಗಡಿಗೆ ನಡೆದು ಸರಪಳಿ ಕೇಳಿದ.

“ಎಮ್ಮಿಗೇನ್ರಿ?”

“ನಾಯಿಗೆ. ಮುಧೋಳದ್ದು.”

“ಓಡೂ ಜಾತೀರಿ ಅದು, ಕಾಕಾ. ಅದನ್ನ ಯಾರರೆ ಕಟ್ತಾರೇನ್?”

ಅಪ್ಪ ನನ್ನ ಕಡೆ ಕೈ ಮಾಡಿದ.

“ನನ್ನ ಮಗಳು ನೋಡಿ ಹೇಳ್ಯಾಳ. ಗಟ್ಟಿದು ಕೊಡ್ರಿ.”