ಹನ್ನೊಂದು ಬಾಯಿ, ಒಂದೇ ಸಿಳ್ಳು

ನನ್ನಲ್ಲಿ ನನ್ನದೇ ಎಂದು ಹೇಳಿಕೊಳ್ಳುವಂಥದ್ದು ಮೂಗು ಒಂದೇ. ದನಿ ಯಾವತ್ತೂ ಬೇರೆಯವರದು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆಯುವಾಗ ಅಪ್ಪನ ಮೇಲಧಿಕಾರಿಯ ದನಿಯಲ್ಲಿ ಅಪ್ಪನಿಗೇ ಫೋನು ಮಾಡಿ, ರಜೆಯ ದಿನವೂ ಅವರು ಕೆಲಸಕ್ಕೆ ಬೂಟು ಹಾಕಿಕೊಳ್ಳುವಂತೆ ಮಾಡಿದವನು ನಾನು. ಈಗ ವಿದರ್ಭದ ಒಂದು ನಗರದಲ್ಲಿ, ಧರಮಪೇಠದ ಹಲ್ಲಿನ ದವಾಖಾನೆಯಲ್ಲಿ ಚೀಟಿ ಬರೆಯುತ್ತೇನೆ. ಒಳಗೆ ಕುರ್ಚಿಯಲ್ಲಿ ಕುಳಿತವರ ನರಳಾಟವನ್ನು ಹೊರಗೆ ಕಾಯುವವರಿಗೆ ಮಾಡಿ ತೋರಿಸಬಾರದೆಂದು ಡಾಕ್ಟರು ಎರಡು ಸಲ ಎಚ್ಚರಿಸಿದ್ದಾರೆ. ಮಧ್ಯಾಹ್ನ ಒಂದರಿಂದ ಐದರವರೆಗೆ ದವಾಖಾನೆ ಬಂದ್. ಆ ನಾಲ್ಕು ತಾಸು ನಾನು ನಗರದಂಚಿನ ವಾಡಿಯ ರೇಡಿಯೋದವನು.

ರೇಡಿಯೋ ಎಂದರೆ ದೊಡ್ಡದೇನೂ ಅಲ್ಲ. ಅಮರಾವತಿ ರಸ್ತೆಯ ಗೋದಾಮುಗಳ ನಡುವೆ, ಟೈರ್ ಅಂಗಡಿಯ ಮೇಲೆ ಒಂದು ಕೋಣೆ, ಎರಡು ಮೈಕು, ಲಾರಿಗಳ ಗದ್ದಲ ತಡೆಯಲು ಗೋಡೆಗೆ ತೂಗುಬಿಟ್ಟ ಹಳೆಯ ಕೌದಿಗಳು. ವಾಡಿ ದಾಟಿ ಸ್ವಲ್ಪ ದೂರ ಹೋದರೆ ನಮ್ಮ ಪ್ರಸಾರದ ಉಸಿರು ನಿಂತುಹೋಗುತ್ತದೆ. ಕೂಲರಿನ ಸದ್ದು ಮೈಕಿಗೆ ಸಿಗುತ್ತದೆಂದು ಧ್ವನಿಮುದ್ರಣದ ಹೊತ್ತಿನಲ್ಲಿ ಅದನ್ನು ಆರಿಸುತ್ತೇವೆ, ಮೇ ತಿಂಗಳಲ್ಲೂ. ಗೋದಾಮು ಮಾಲೀಕರ ಬಗ್ಗೆ ನಮ್ಮ ಮಾತು ಅಷ್ಟು ಬಿಸಿಯಾಗಿರುವುದಕ್ಕೆ ಅರ್ಧ ಕಾರಣ ಸಿದ್ಧಾಂತ, ಇನ್ನರ್ಧ ಕಾರಣ ಇದು.

ಕೌದಿಗಳು ಮೌಶಿಯವು. ಬೆಳಗಾವಿ ಕಡೆಯವರು, ರೈಲ್ವೆಯಲ್ಲಿ ಗುಮಾಸ್ತೆಯಾಗಿದ್ದು ಯೂನಿಯನ್ ಕಟ್ಟಿ, ನಿವೃತ್ತರಾದ ಮೇಲೆ ಈ ಕೋಣೆ ಹಿಡಿದವರು. ನಾನಷ್ಟೇ ಅಲ್ಲ, ಇಡೀ ವಾಡಿ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತದೆ. ಹಮಾಲರು ಬುತ್ತಿ ಬಿಚ್ಚುವ ಎರಡು ಗಂಟೆಗೆ ಅವರ ಟಿಪ್ಪಣಿ ಪ್ರಸಾರವಾಗುತ್ತದೆ. ಮೆರವಣಿಗೆ ಮುಗಿದ ಮೇಲೆ ರಸ್ತೆ ಗುಡಿಸಿದ್ದು ಯಾರು, ಮದುವೆಯ ಊಟದಲ್ಲಿ ಕೊನೆಯ ಪಂಕ್ತಿ ಯಾವಾಗಲೂ ಯಾರದು, ಹೆಣ್ಣುಮಕ್ಕಳು ಶಾಲೆಯಲ್ಲಿ ನೀರನ್ನೇಕೆ ಕುಡಿಯುವುದಿಲ್ಲ, ಇಂಥವು. ಪರವಾನಗಿಯ ಪ್ರಕಾರ ನಾವು ಸುದ್ದಿ ಓದುವಂತಿಲ್ಲ, ಪಕ್ಷದ ಮಾತು ಎತ್ತುವಂತಿಲ್ಲ. ಅದನ್ನೊಂದು ಕೊರತೆ ಎಂದು ನಾನು ಗೊಣಗಿದಾಗ ಅವರು ಅಂದಿದ್ದರು:

"ಪಕ್ಷದ ಹೆಸರು ಯಾಕ ಬೇಕೋ? ನೀರಿನ ನಳ ಎಲ್ಲಿ ಐತಿ, ಎಲ್ಲಿ ಇಲ್ಲ, ಅಷ್ಟ ಹೇಳು. ಉಳದಿದ್ದು ಕೇಳಾವ್ರಿಗೆ ತಿಳೀತೈತಿ."

ಮೌಶಿಯದೊಂದು ಪದ್ಧತಿ ಇತ್ತು. ಯಾರ ಬಗ್ಗೆ ಬರೆದರೋ ಅವರ ಮುಂದೆ ಮೊದಲು ಓದಬೇಕು. ಅವರು ಬೇಡವೆಂದ ಸಾಲನ್ನು ಹೊಡೆದುಹಾಕಬೇಕು. ಚಹಾ ಅಂಗಡಿಯ ಬೇವಿನ ಮರದಡಿ ಕುಳಿತು, ರೈಲಿನ ವೇಳಾಪಟ್ಟಿ ಓದಿದಂತೆ ಏರಿಳಿತವೇ ಇಲ್ಲದೆ ಓದುತ್ತಿದ್ದರು. ಒಮ್ಮೆ "ಬೆವರಿನ ಮುತ್ತುಗಳು" ಎಂದು ಬರೆದಿದ್ದರು. ಅದು ಹೊಳೆದ ಖುಷಿಗೆ ಬೆಳಿಗ್ಗೆಯೇ ದವಾಖಾನೆಗೆ ಬಂದು ನನಗೆ ಪೇಢೆ ಕೊಟ್ಟಿದ್ದರು. ಮಧ್ಯಾಹ್ನ ಒಬ್ಬ ಹಮಾಲ, "ಮುತ್ತು ಎಲ್ಲೀದು ಮೌಶಿ, ಉಪ್ಪು. ಅಂಗಿ ಅದರಿಂದನ ಹರೀತೈತಿ" ಅಂದ. ಮೌಶಿ ಅಲ್ಲೇ ಆ ಸಾಲಿಗೆ ಗೀಟು ಎಳೆದರು. ನಾನಾಗಿದ್ದರೆ ಆ ಪೇಢೆಯ ಸಲುವಾಗಿಯಾದರೂ ವಾದ ಮಾಡುತ್ತಿದ್ದೆ.

ಆ ಹಮಾಲನನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಐವತ್ತು ದಾಟಿದವರು, ಮುಂದಿನ ಹಲ್ಲು ಅರ್ಧ ಮುರಿದಿದೆ. ಪ್ರತಿ ಮಾತಿಗೆ ಮುಂಚೆ ಆ ಸಂದಿನಿಂದ "ಸ್ಸ್" ಎಂದು ಸಣ್ಣ ಸಿಳ್ಳು ಬರುತ್ತದೆ. ಆಮೇಲೆ "ಕಾಯ್ ಸಾಂಗೂ, ಭಾವೂ", ಅಂದರೆ ಏನ ಹೇಳ್ಲಿ ತಮ್ಮಾ. ಅವರದು ವಿದರ್ಭದ ಮರಾಠಿ. ಉಳಿದ ಮಾತನ್ನು ನಮ್ಮ ಮನೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ಕಾಕಾ ಹೇಳಿದ್ದನ್ನು ಮೌಶಿ ಟಿಪ್ಪಣಿ ಮಾಡಿದರು. ಗೋದಾಮಿನ ಚಾವಣಿಯ ತಗಡು ಕಾದು ರೊಟ್ಟಿಯ ಹಂಚಾಗುತ್ತದೆ. ಕುಡಿಯುವ ನೀರು ಮಾತ್ರ ಮುಕಾದಮನ ಕ್ಯಾಬಿನ್ನಿನೊಳಗೆ. ಮುಕಾದಮ ಎಂದರೆ ಹಮಾಲರನ್ನು ದಿನಕ್ಕಿಷ್ಟು ಮಂದಿ ಎಂದು ಕೆಲಸಕ್ಕೆ ಕರೆಯುವವನು. ಪ್ರತಿ ಲೋಟಕ್ಕೂ ಅವನ ಬಾಗಿಲಲ್ಲಿ ನಿಂತು ಕೇಳಬೇಕು. ಮೌಶಿ ಕಾಕಾನ ಹೆಸರು ತೆಗೆದರು, ಗೋದಾಮಿನ ಗುರುತು ತೆಗೆದರು, ಮರದಡಿ ಓದಿದರು. ಕಾಕಾ ಒಪ್ಪಿದರು. ಮರುದಿನ ಮೌಶಿಯ ಗಂಟಲು ಕಟ್ಟಿತ್ತು. "ನೀನ ಓದಿ ಬಿಡು" ಎಂದು ಹಾಳೆ ಕೊಟ್ಟು ಮನೆಗೆ ಹೋದರು.

ನಾನು ಓದಿದೆ. ಕಾಕಾನ ದನಿಯಲ್ಲಿ ಓದಿದೆ. ಸಿಳ್ಳು, ಸಿಳ್ಳಿನ ನಂತರದ ಸಣ್ಣ ಉಸಿರು, ಎಲ್ಲ ಬರೋಬರ್. ಮುಗಿದಾಗ ಯಾರೂ ಇಲ್ಲದ ಕೋಣೆಯಲ್ಲಿ, ಮೈಕು ಆರಿಸುವ ಮೊದಲೇ, ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡೆ. ಹೆಸರು ಹೇಳಲಿಲ್ಲ, ಗೋದಾಮು ಹೇಳಲಿಲ್ಲ, ದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದೆ.

ಮರುದಿನ ಕೆಲಸದ ಹೊತ್ತಿನಲ್ಲೇ ಕಾಕಾ ನಮ್ಮ ಮೆಟ್ಟಿಲು ಹತ್ತಿ ಬಂದರು. ಮೌಶಿಯೂ ಕೋಣೆಯಲ್ಲಿದ್ದರು.

"ಸ್ಸ್... ಕಾಯ್ ಸಾಂಗೂ, ಭಾವೂ. ಭಾರಿ ಮಾಡಿದಿ. ಬಾಜೂದವರ ಮನಿ ರೇಡಿಯೋ ಕೇಳಿ, ನಾನ ಊಟಕ್ಕ ಬಂದೆ ಅಂತ ನನ್ನ ಹೆಂಡತಿ ಬಾಗ್ಲಾ ತಗದಳಂತ."

ನಾನು ನಕ್ಕೆ. ಅವರೂ ನಕ್ಕರು.

"ಮುಕಾದಮನೂ ಭಾಳ ನಕ್ಕ. ನಕ್ಕು ಮುಗದ ಮ್ಯಾಲ, ನಾಳಿಂದ ಬರಬ್ಯಾಡ ಅಂದ."

ನಾನು ಫೋನಿಗೆ ಕೈ ಹಾಕಿದೆ. ಕಾರ್ಮಿಕ ಅಧಿಕಾರಿಯ ದನಿಯಲ್ಲಿ ಈಗಲೇ ಮುಕಾದಮನಿಗೆ ಫೋನು ಮಾಡುತ್ತೇನೆ ಅಂದೆ.

"ಹಾಂ, ಮಾಡು. ಆಮ್ಯಾಲೆ ಪೊಲೀಸರ ದನ್ಯಾಗ ನಿನ್ನ ನೀನ ಹಿಡ್ಕೊಂಡು ಹೋಗು" ಅಂದರು ಮೌಶಿ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕಾಕಾನ ಕಡೆ ತಿರುಗಿದರು. "ತಪ್ಪು ನಂದು. ಹಾಳಿ ಓದಿ ನಿಮ್ಮನ್ನ ಕೇಳಿದೆ. ದನಿ ಕೇಳಸ್ಲಿಲ್ಲ."

ನಾನು ಬೈಗುಳಕ್ಕೆ ಸಿದ್ಧನಾಗಿ ಕುಳಿತಿದ್ದೆ, ಒಂದೂ ಬರಲಿಲ್ಲ. ಆ ದಿನ ಎರಡು ಗಂಟೆಗೆ ಅವರು ಕಟ್ಟಿದ ಗಂಟಲಿನಲ್ಲೇ ಮೈಕಿನ ಮುಂದೆ ಕುಳಿತರು. ನಿನ್ನೆಯ ದನಿ ನಮ್ಮ ನಿಲಯದವರು ಮಾಡಿದ ನಕಲು, ಕೇಳದೆ ಮಾಡಿದ್ದು, ತಪ್ಪು ನಮ್ಮದು ಎಂದು ಹೇಳಿದರು. ಮಾಲೀಕರನ್ನು ಟೀಕಿಸುವುದಕ್ಕೂ ಅವರು ಬಳಸುತ್ತಿದ್ದುದು ಇದೇ ದನಿ, ತಮ್ಮ ತಪ್ಪಿಗೆಂದು ಅದು ಕೂದಲೆಳೆಯಷ್ಟೂ ಮೆತ್ತಗಾಗಲಿಲ್ಲ. ಮುಕಾದಮ ಮಾತ್ರ ಅಲುಗಾಡಲಿಲ್ಲ. ನಕಲು ಹುಡುಗನದಾದರೇನು, ದೂರು ಯಾರದೆಂದು ಅವನಿಗೆ ಗೊತ್ತಾಗಿತ್ತು.

ಮೂರನೆಯ ದಿನ ಮೌಶಿ ಕಾಕಾನನ್ನು ಮರದಡಿ ಕರೆದರು. "ಅವ ದನಿಯಿಂದ ಗುರ್ತು ಹಿಡದಾನ. ಆ ದನಿ ಎಲ್ಲಾರ ಹತ್ರ ಇದ್ರ ಯಾರನ್ನ ಹಿಡೀತಾನ? ಆದ್ರ ದನಿ ನಿಮ್ಮದು. ಹಂಚ್ಲೇನ್ರಿ?"

ಕಾಕಾ ಬೀಡಿ ಕೆಳಗಿಟ್ಟರು. "ಹಂಚ್ರಿ. ಹಂಚಿದ್ರ ಕಡಿಮಿ ಆಗೂದೇನು?"

ಮೌಶಿ ಗೋದಾಮಿನ ಒಬ್ಬೊಬ್ಬ ಹಮಾಲನನ್ನೂ ಬೇರೆಬೇರೆಯಾಗಿ ಕೇಳಿದರು. ಕೆಲಸ ಹೋದರೂ ಹೋದೀತು ಎಂದು ಮೊದಲೇ ಹೇಳಿಬಿಟ್ಟರು. ಹತ್ತು ಮಂದಿ ಒಪ್ಪಿದರು. ಬೇಡವೆಂದವರಿಗೂ ಅವರೇ ಚಹಾ ಹೇಳಿದರು.

ಎರಡು ಮಧ್ಯಾಹ್ನ ನಾನು ಬೇವಿನಡಿಯ ಮಾಸ್ತರ. ಹಲ್ಲು ಗಟ್ಟಿಯಿದ್ದವರಿಗೆ ಸಿಳ್ಳು ಬರುತ್ತಿರಲಿಲ್ಲ. ದವಾಖಾನೆಯ ನನ್ನ ಜ್ಞಾನವನ್ನೆಲ್ಲ ಧಾರೆ ಎರೆದು, ನಾಲಿಗೆ ಎಲ್ಲಿ ಒತ್ತಬೇಕೆಂದು ತೋರಿಸಿದೆ. ಒಬ್ಬ ನನ್ನ ಮುಖಕ್ಕೆ ಉಗುಳಿ ಸಿಳ್ಳು ಕಲಿತ. ತರಗತಿಯ ಅತಿ ದಡ್ಡ ವಿದ್ಯಾರ್ಥಿ ಯಾರು ಗೊತ್ತೇ? ಸ್ವತಃ ಕಾಕಾ. "ನಿಮ್ಮಂಗ ಮಾತಾಡ್ರಿ" ಅಂದ ಕೂಡಲೇ ಅವರು ಶಾಲೆಯ ತಪಾಸಣೆಗೆ ನಿಂತ ಮಗುವಿನಂತೆ ಬಿಗಿದುಕೊಂಡು, ಸಿಳ್ಳೂ ಇಲ್ಲದೆ, ಶುದ್ಧ ಗ್ರಾಂಥಿಕ ಮರಾಠಿ ಆಡುತ್ತಿದ್ದರು. "ಕಾಕಾ, ನಿಮಗ ನಿಮ್ಮದ ಬರೂದಿಲ್ಲಲ್ಲ!" ಎಂದು ಹಮಾಲರೆಲ್ಲ ಬಿದ್ದುಬಿದ್ದು ನಕ್ಕರು.

ಧ್ವನಿಮುದ್ರಣವನ್ನು ಪ್ರಸಾರಕ್ಕೆ ಮುಂಚೆ ಹನ್ನೊಂದೂ ಮಂದಿಗೆ ಕೇಳಿಸಿದೆವು. ಒಬ್ಬ ನೀರು ಎಂದ, ಒಬ್ಬ ನೆರಳು ಎಂದ, ಒಬ್ಬ ಕಕ್ಕಸು ಎಂದ. ಎಲ್ಲವೂ ಒಂದೇ ಸಿಳ್ಳಿನಿಂದ ಶುರುವಾಗುತ್ತಿದ್ದವು.

ಪ್ರಸಾರ ಮುಗಿಯುವಷ್ಟರಲ್ಲಿ ಮುಕಾದಮ, ಹನ್ನೊಂದೂ ಮಂದಿ ಬುತ್ತಿ ಬಿಚ್ಚಿ ಕುಳಿತಿದ್ದ ಮರದ ಹತ್ತಿರ ಬಂದ. "ಯಾರು ಮಾತಾಡಿದ್ದು?"

ಹನ್ನೊಂದು ಬಾಯಿ ಒಟ್ಟಿಗೆ: "ಸ್ಸ್... ಕಾಯ್ ಸಾಂಗೂ, ಭಾವೂ."

ಅವನ ಬೆನ್ನ ಹಿಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಉಳಿದ ಹತ್ತು ಮಂದಿಯನ್ನೂ ಮನೆಗೆ ಕಳಿಸಿದರೆ ಆ ಚೀಲಗಳನ್ನು ಅವನೇ ಹೊರಬೇಕು. ಲಾರಿಗಳನ್ನು ನೋಡಿದ, ಕಾಕಾನನ್ನು ನೋಡಿದ. "ಜಲ್ದಿ ಊಟ ಮುಗಸ್ರಿ" ಎಂದು ಎಲ್ಲರಿಗೂ ಹೇಳಿ ಹೊರಟ. ಎಲ್ಲರಿಗೂ ಎಂಬುದರಲ್ಲಿ ಕಾಕಾನೂ ಸೇರಿದರು. ವಾರದೊಳಗೆ ನೀರಿನ ಡ್ರಮ್ಮು ಕ್ಯಾಬಿನ್ನಿನಿಂದ ಹೊರಗೆ ಬಂತು. ತಗಡು ಇನ್ನೂ ಹಾಗೆಯೇ ಕಾಯುತ್ತಿದೆ. ಮೌಶಿಯ ಹಾಳೆಯಲ್ಲಿ ಈಗ ಅದರ ಸರದಿ.

ಕೆಲಸಕ್ಕೆ ಮರಳಿದ ದಿನವೇ ಕಾಕಾ ತಲೆಯ ಮೇಲಿನ ಸಿಮೆಂಟ್ ಧೂಳಿನ ಸಮೇತ ಮೇಲೆ ಬಂದರು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು, ನನ್ನ ಕುರ್ಚಿಯಲ್ಲಿ ಕುಳಿತು, ಮೂಗನ್ನು ಮೈಕಿಗೆ ತಾಗಿಸಿದರು. ಒಂದು ಮೊಣಕಾಲು ಗಡಗಡ ನಡುಗಿಸಿದರು. ಪ್ರತಿ ಮಾತಿಗೂ ಮುಂಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣು ಹಾಯಿಸಿದರು. ಕೊನೆಗೆ ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು.

"ನಾ ಹಿಂಗ ಇದ್ದೀನೇನ್ರಿ?" ಅಂದೆ.

"ಬರೋಬರ್ ಹಿಂಗ ಇದ್ದೀ" ಅಂದರು ಮೌಶಿ, ಕಣ್ಣೀರು ಬರುವಂತೆ ನಗುತ್ತ. ಅಷ್ಟರಲ್ಲಿ ಅವರ ಕೈ ಧ್ವನಿಮುದ್ರಣದ ಗುಂಡಿಯ ಮೇಲಿತ್ತು. ಒತ್ತಿರಲಿಲ್ಲ. ನನ್ನನ್ನೇ ನೋಡಿ ಕೇಳಿದರು.

"ರೇಡಿಯೋಕ್ಕ ಹಾಕೂದೋ ಬ್ಯಾಡೋ? ಏನರ ಹೊಡದ ಹಾಕೂದೈತೇನು?"

ಚಪ್ಪಾಳೆಯನ್ನು ಹೊಡೆದುಹಾಕಿ ಎಂದು ಕೇಳಬೇಕೆನ್ನಿಸಿತು. ಬೆವರಿನ ಮುತ್ತಿನ ಮೇಲೆ ಗೀಟು ಎಳೆದ ಕೈ ಆ ಗುಂಡಿಯ ಮೇಲೆ ಕಾಯುತ್ತಿತ್ತು.

"ಎಲ್ಲಾ ಇರ್ಲಿ" ಅಂದು, ಎದ್ದು ಹೋಗಿ ಕೂಲರ್ ಆರಿಸಿದೆ.