ಅಲುಗಾಡಿಸಿ ಕುಡಿದ ವೈನ್

ಟಪ್ ಅಂತ ಕಾರ್ಕ್ ಬಿಚ್ಚಿದ ಸದ್ದು ಇನ್ನೂ ಕಿವಿಯಲ್ಲಿದೆ. ಗಜೇಂದ್ರಗಡದಲ್ಲಿ ನನ್ನ ಗೆಳತಿ ಸುಶೀಲಾಳ ಅಡುಗೆಮನೆ. ತೀರಿಹೋದ ಅವಳ ಡಾಕ್ಟರ್ ಗಂಡನಿಗೆ ಯಾರೋ ಪೇಷಂಟ್ ಕೊಟ್ಟಿದ್ದ ಫ್ರೆಂಚ್ ರೆಡ್ ವೈನ್ ಅದು. "ಇಬ್ರೂ ಮುದುಕರಾದ ಮ್ಯಾಲೆ ಕುಡಿಯೂಣು" ಎಂದು ಅವರು ಎತ್ತಿಟ್ಟಿದ್ದರಂತೆ.

ಸುಶೀಲಾ ಬಾಟಲಿಯ ಬಾಯಿಗೆ ಹೆಬ್ಬೆರಳಿಟ್ಟು, ಗಂಡನ ದವಾಖಾನೆಯ ಮಿಕ್ಸ್ಚರ್‌ನಂತೆ ಚೆನ್ನಾಗಿ ಅಲುಗಾಡಿಸಿ, ಸ್ಟೀಲ್ ಲೋಟಕ್ಕೆ ಸುರಿದಳು.

"ನೀ ಕಾನ್ವೆಂಟ್ ಕಲ್ತಾಕಿ. ಇವರು ಇಟ್ಟದ್ದು ಕೆಟ್ಟೈತೋ ಚಲೋ ಐತೋ, ಹೇಳವಾ."

ಸಿಸ್ಟರ್‌ಗಳು ನಮಗೆ ಕಲಿಸಿದ್ದು ಟೇಬಲ್ ಮ್ಯಾನರ್ಸ್ ಮಾತ್ರ. ಒಂದು ಗುಟುಕು ಕುಡಿದೆ. ಹಳೆ ಹುಣಸೆಯ ಒಗರು, ಮಳೆ ಬಿದ್ದ ಎರೆಮಣ್ಣಿನ ವಾಸನೆ, ನಾಲಿಗೆಯ ಮೇಲೆ ಮರಳು. ಕೆಟ್ಟಿತ್ತೋ, ಏಜ್ ಆದ ವೈನ್ ಇರುವುದೇ ಹೀಗೋ? ಲೋಟ ಖಾಲಿಯಾದರೂ ಉತ್ತರ ಸಿಗಲಿಲ್ಲ. ಹಳೆ ವೈನನ್ನು ಅಲುಗಾಡಿಸಬಾರದು, ಗಸಿ ತಳದಲ್ಲೇ ಉಳಿಯಬೇಕು ಎಂದು ಆಮೇಲೆ ಯಾರೋ ಹೇಳಿದಾಗ ನನ್ನ ಕನ್‌ಫ್ಯೂಷನ್ ಇನ್ನೂ ಹೆಚ್ಚಾಯಿತು.

ಅವಳನ್ನು ಕೊನೆಯ ಸಲ ನೋಡಿದ್ದು ಹೊಳೆಆಲೂರು ಸ್ಟೇಷನ್ನಿನಲ್ಲಿ, ಅವಳು ತನ್ನ ಮಗಳ ಮನೆಗೆ ಹೊರಟಾಗ. ರೈಲು ಚಲಿಸುತ್ತಿದ್ದಂತೆ ಕಿಟಕಿಯಿಂದ ಕೇಳಿದಳು, "ಖರೇ ಹೇಳು, ಚಲೋ ಇತ್ತಿಲ್ಲ?" ನಾನು ತಲೆ ಆಡಿಸಿದೆ. ಹೌದೆಂದೋ, ಗೊತ್ತಿಲ್ಲವೆಂದೋ, ನನಗೇ ತಿಳಿಯದು.